‘ಬಸ್’ ಅಂದರೆ ‘ಬಾ’ ಎಂದು ಕೇಳಿದ ಕಿವಿ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ವಾಶಿಯ ಸಗಟು ತರಕಾರಿ ಮಾರುಕಟ್ಟೆಯಲ್ಲಿ ಆಗಲೇ ಕಿವಿಗಡಚಿಕ್ಕುವ ಗದ್ದಲ. ಹೂಕೋಸಿನ ಮೂಟೆ ಹೊತ್ತವರು ದಾರಿ ಬಿಡಿಸಲು ‘ಬಾಜೂ, ಬಾಜೂ’ ಎಂದು ಕೂಗುತ್ತ ನುಗ್ಗುತ್ತಾರೆ. ಟೆಂಪೋದವರು ಒಬ್ಬರ ಮೇಲೊಬ್ಬರು ಹಾರ್ನ್ ಒತ್ತುತ್ತಾರೆ. ಇದೆಲ್ಲದರ ನಡುವೆ ಒಂದು ಹಳೆಯ ಲಾರಿ ಮಾತ್ರ ತುಟಿ ಪಿಟಕ್ಕೆನ್ನದೆ ಹಿಂದಕ್ಕೆ ಬರುತ್ತಿದೆ. ಅದರ ಪಕ್ಕದಲ್ಲೇ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ ಹೆಂಗಸೊಬ್ಬಳು ಎಮ್ಮೆ ಹೊಡೆದುಕೊಂಡು ಬರುವಂತೆ ಲಾರಿಯ ಮೈಯನ್ನು ಅಂಗೈಯಿಂದ ತಟ್ಟುತ್ತ ನಡೆಯುತ್ತಿದ್ದಾಳೆ. ತಟ್, ತಟ್, ತಟ್. ಮಳಿಗೆಯ ಕಟ್ಟೆಗೆ ಇನ್ನೊಂದು ಗೇಣು ಇದೆ ಎನ್ನುವಾಗ ಮುಷ್ಟಿ ಬಿಗಿದು ಒಂದೇ ಒಂದು ಗುದ್ದು. ಲಾರಿ ಅಲ್ಲೇ ನಿಲ್ಲುತ್ತದೆ.

ಇಳಿದು ಬರುವವರು ಬಾಲಪ್ಪ. ವಿಜಯಪುರದ ಸಿಂದಗಿ ಕಡೆಯವರು, ಐವತ್ತು ದಾಟಿದವರು. ಮೇ ತಿಂಗಳ ಸೆಖೆಯಲ್ಲಿ ನಾವೆಲ್ಲ ಅಂಗಿಯ ಗುಂಡಿ ಬಿಚ್ಚಿಕೊಂಡು ನಿಂತಿದ್ದರೆ ಈ ಮಹಾನುಭಾವರು ತಲೆಗೆ ಮಫ್ಲರ್ ಸುತ್ತಿಕೊಂಡಿದ್ದಾರೆ. ‘ಯಾಕೋ ಬಾಲಣ್ಣ, ರಾತ್ರಿದು ಇನ್ನೂ ಇಳದಿಲ್ಲೇನು?’ ಎಂದು ಪಕ್ಕದ ಲಾರಿಯವನೊಬ್ಬ ಕಿಚಾಯಿಸುತ್ತಾನೆ. ಬಾಲಪ್ಪ ನಗುತ್ತ ‘ಹೂಂ’ ಅನ್ನುತ್ತಾರೆ.

ನಿಜವೇನೆಂದರೆ ಬಾಲಪ್ಪ ಹುಟ್ಟಿದಾಗಿನಿಂದ ಒಂದು ತೊಟ್ಟು ಹೆಂಡ ಮುಟ್ಟಿದವರಲ್ಲ. ಮಫ್ಲರಿನೊಳಗೆ, ಎಡಗಿವಿಯ ಹಿಂದೆ, ಅವರೆಕಾಳಿನಷ್ಟು ದೊಡ್ಡ ಒಂದು ಯಂತ್ರವಿದೆ. ಅದನ್ನು ಲೋಕದಿಂದ, ಮುಖ್ಯವಾಗಿ ಲಾರಿಯ ಮಾಲೀಕರಿಂದ, ಮುಚ್ಚಿಡಲು ಈ ವೇಷ.

ಬಾಲಪ್ಪ ಕ್ಲೀನರ್ ಆಗಿ ಮುಂಬಯಿಗೆ ಬಂದಾಗ ಮೀಸೆ ಚಿಗುರಿರಲಿಲ್ಲ. ಈಗ ದಿನವೂ ವಾಶಿಯಲ್ಲಿ ತರಕಾರಿ ತುಂಬಿಸಿ, ಶಿಳ್‌ಫಾಟಾದ ಟ್ರಾಫಿಕ್ಕಿನಲ್ಲಿ ತಾಳ್ಮೆ ಕಲಿತು, ಡೊಂಬಿವಲಿ, ಕಲ್ಯಾಣದ ಮಾರುಕಟ್ಟೆಗಳಿಗೆ ಇಳಿಸುತ್ತಾರೆ. ನಾವು ನೀವು ಬೆಳಗಿನ ಉಪ್ಪಿಟ್ಟಿಗೆ ಹೆಚ್ಚುವ ಹಸಿಮೆಣಸಿನಕಾಯಿ ಇಂಥವರ ಬೆನ್ನ ಮೇಲೆ ಬಂದದ್ದು. ಮಧ್ಯಾಹ್ನ ತಳೋಜದ ಕಾರ್ಖಾನೆಗಳ ಮಾಲು. ಸಂಜೆ ದಿವಾದಲ್ಲಿ ಸಾಲುಕೋಣೆಗಳ ಚಾಳಿನ ಮನೆ.

ಈ ಹಳೆಯ ಲಾರಿಯ ಎಂಜಿನ್ನು ಚಾಲಕನ ಮಗ್ಗುಲಲ್ಲೇ ಕೂತಿರುತ್ತದೆ. ಅದರ ಕಾವಿಗೆ ಗಾಜು ಇಳಿಸದೆ ಗತಿಯಿಲ್ಲ. ಇಳಿಸಿದರೆ ರಸ್ತೆಯ ಎಲ್ಲ ಹಾರ್ನುಗಳೂ ನೇರ ಬಲಗಿವಿಗೆ. ಅದು ಸಾಲದೆಂದು ಬಾಲಪ್ಪ ಪ್ರಾಯದಲ್ಲಿ ತಮ್ಮ ಗಾಡಿಗೇ ಒಂದು ಪ್ರೆಷರ್ ಹಾರ್ನ್ ಹಾಕಿಸಿಕೊಂಡಿದ್ದರಂತೆ. ‘ಅದನ್ನ ಒತ್ತಿದ್ರ ಮುಂದಿನ ಗಾಡಿಯವ ಬೆಚ್ಚಿ ಬೀಳಬೇಕು, ಹಂಗಿತ್ತು ನೋಡ್ರಿ ಸರ. ಕಡೀಕ ಬಿದ್ದಿದ್ದು ನನ್ನ ಕಿವಿ’ ಎಂದು ಅವರೇ ನಗುತ್ತಾರೆ.

ಕಿವಿ ಒಂದೇ ದಿನಕ್ಕೆ ಬೀಳಲಿಲ್ಲ. ಮಲಗಿದರೆ ಗುಂಯ್ ಎನ್ನುವ ಸದ್ದು. ಆಮೇಲೆ ಫೋನಿನ ರಿಂಗು ಹೋಯಿತು. ಆಮೇಲೆ ಕುಕ್ಕರಿನ ಸೀಟಿ. ‘ಬ್ಯಾಳಿ ಹೊತ್ತಿ ಚಾಳೆಲ್ಲಾ ವಾಸನಿ ಬಂದ್ರೂ ಇವರು ಒಲಿ ಬಾಜೂಕ ಆರಾಮ ಕುಂತಿದ್ರು’ ಎಂದು ಹೆಂಡತಿ ನಾಗವೇಣಿ ದೂರುತ್ತಾರೆ. ಕೇಳಿಸದವರಿಗೆಲ್ಲ ಒಂದೇ ಆಯುಧ, ಅದು ‘ಹೂಂ’. ಮತ್ತೆ ಮತ್ತೆ ‘ಏನಂದ್ರಿ?’ ಎಂದು ಕೇಳುವ ನಾಚಿಕೆಗೆ ಬಾಲಪ್ಪ ಎಲ್ಲದಕ್ಕೂ ‘ಹೂಂ’ ಎನ್ನುವುದನ್ನು ರೂಢಿಸಿಕೊಂಡರು. ‘ಇಳಕಲ್ ಸೀರಿ ಕೊಡಸ್ತೀರೇನು ಅಂದ್ರೂ ಹೂಂ ಅಂದಾರ್ರೀ. ಇನ್ನೂ ದಾರಿ ಕಾಯಾಕತ್ತೀನಿ’ ಎನ್ನುತ್ತಾರೆ ನಾಗವೇಣಿ.

ಸೀರೆಯ ‘ಹೂಂ’ಗೆ ನಗಬಹುದು. ಇನ್ನೊಂದು ‘ಹೂಂ’ಗೆ ನಗಲಾಗುವುದಿಲ್ಲ.

ಕೊರೊನಾ ಮುಗಿದ ಮರುವರ್ಷದ ಮಾತು. ಇದೇ ಮಾರುಕಟ್ಟೆ, ಇದೇ ಕಟ್ಟೆ. ಬಾಲಪ್ಪ ಲಾರಿಯನ್ನು ಹಿಂದಕ್ಕೆ ತೆಗೆಯುತ್ತಿದ್ದರು. ಹಿಂದೆ ನಿಂತಿದ್ದವರು ಮೂಟೆ ಹೊರುವ ಹಮಾಲ, ರಾಯಚೂರಿನ ಸಿದ್ರಾಮ. ಈ ಊರಲ್ಲಿ ಲಾರಿ ಹಿಂದಕ್ಕೆ ಬರಲಿ ಎನ್ನಲು ಯಾರು ಯಾವ ಭಾಷೆಯಲ್ಲಿ ಕೂಗಿದರೂ, ನಿಲ್ಲಿಸು ಎನ್ನಲು ಎಲ್ಲರಿಗೂ ಒಂದೇ ಮಾತು: ‘ಬಸ್’. ಸಾಕು ಎಂದರ್ಥ. ಸಿದ್ರಾಮ ‘ಬಸ್, ಬಸ್’ ಎಂದು ಕೂಗಿದರು. ಬಾಲಪ್ಪನ ಕಿವಿಯಲ್ಲಿ ಕೊನೆಯ ‘ಸ್’ ಉದುರಿಹೋಯಿತು. ಉಳಿದದ್ದು ‘ಬ’. ಮರಾಠಿಯವರಾಗಿದ್ದರೆ ಏನೋ ಎಡವಟ್ಟಾಗಿದೆ ಎಂದು ನಿಲ್ಲಿಸುತ್ತಿದ್ದರೋ ಏನೋ. ನಮ್ಮ ಕನ್ನಡಿಗನಿಗೆ ಅದು ‘ಬಾ, ಬಾ’ ಎಂದು ಕೇಳಿತು. ಕರೆದರಲ್ಲ ಎಂದು ಬಂದರು. ಸಿದ್ರಾಮನ ಎಡಗೈ ಲಾರಿಗೂ ಕಟ್ಟೆಗೂ ನಡುವೆ ಸಿಕ್ಕಿತು. ಎರಡು ಬೆರಳು ಹೋದವು.

ಜನ ಸೇರಿದರು. ಕುಡಿದು ಗಾಡಿ ಓಡಿಸಿದ್ದಾನೆ ಎಂದು ಯಾರೋ ಅಂದರು. ಲಾರಿಯ ಮಾಲೀಕರು, ಬಾಲಪ್ಪನ ಬಾಯಲ್ಲಿ ‘ಶೇಠ್ರು’, ಮುರಾರಿ ರಾಯರು, ಉಡುಪಿ ಕಡೆಯವರು. ಡೊಂಬಿವಲಿಯಲ್ಲಿ ಸಸ್ಯಾಹಾರಿ ಹೋಟೆಲು, ಜೊತೆಗೆ ಕೆಲವು ಲಾರಿ. ಅವತ್ತು ಮಾರುಕಟ್ಟೆಯಲ್ಲೇ ಇದ್ದ ಅವರು ಓಡಿ ಬಂದವರೇ ಆ ಗದ್ದಲದಲ್ಲಿ ಏನೋ ಕೇಳಿದರು. ಬಾಲಪ್ಪ ಅಭ್ಯಾಸಬಲದಿಂದ ‘ಹೂಂ’ ಅಂದುಬಿಟ್ಟರು. ರಾಯರು ಕೇಳಿದ್ದು ‘ಕುಡಿದಿದ್ದೀಯಾ?’ ಎಂದು.

ಮಾರನೆಯ ದಿನ ವಿಷಯ ತಿಳಿದಾಗ ತಿದ್ದಬಹುದಿತ್ತಲ್ಲ ಎಂದು ನಾನು ಕೇಳಿದೆ. ಬಾಲಪ್ಪನ ಉತ್ತರ ಇದು: ‘ಕುಡುಕ ಅಂದ್ರ ಮುಂಜಾನಿ ನಿಶಾ ಇಳೀತದ ಅಂತ ಬೈದು ಮತ್ತ ಗಾಡಿ ಕೊಡ್ತಾರ್ರೀ. ಕಿವುಡ ಅಂದ್ರ ಗಾಡಿಯಿಂದನ ಇಳಸ್ತಾರ. ಸ್ಟೇರಿಂಗ್ ಬಿಟ್ರ ನನ್ನ ಕೈಗೆ ಬ್ಯಾರೆ ಏನೂ ಬರಂಗಿಲ್ಲ.’ ಹೀಗೆ ಎಂದೂ ಕುಡಿಯದ ಮನುಷ್ಯ ಕುಡುಕನ ಪಟ್ಟ ಹೊತ್ತುಕೊಂಡು ಗಾಡಿ ಉಳಿಸಿಕೊಂಡರು. ಕಾಲೇಜಿಗೆ ಹೋಗುವ ಮಗಳು ಜ್ಯೋತಿ ಅಪ್ಪನ ಜೊತೆ ಮಾತು ಬಿಟ್ಟಳು. ಹೆಂಡಕ್ಕೆ ಇರುವ ಕ್ಷಮೆ ಕಿವಿಗೆ ಇಲ್ಲದ ಲೋಕ ಇದೆಂಥ ಲೋಕ?

ನಿಜವನ್ನು ಮೊದಲು ಕಂಡುಹಿಡಿದವರು, ಯಾರಿಗೆ ಎಲ್ಲರಿಗಿಂತ ಹೆಚ್ಚು ಸಿಟ್ಟಿರಬೇಕಿತ್ತೋ ಅವರು. ಸಿದ್ರಾಮನ ಹೆಂಡತಿ ಮರಗಮ್ಮ. ಬೆಳಿಗ್ಗೆ ಲಾರಿ ತಟ್ಟುತ್ತಿದ್ದವರು ಇವರೇ. ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ಬಾಲಪ್ಪ ಕೂತಿದ್ದಾಗ ಹಿಂದಿನಿಂದ ಬಂದು ಅವರ ಏಳೇಳು ಜನ್ಮ ಜಾಲಾಡಿದರಂತೆ. ‘ನಾ ಬಾಯಿಗೆ ಬಂದಂಗ ಬೈಯಾಕತ್ತೀನಿ, ಇಂವ ಹೊಳ್ಳಿ ನೋಡವಲ್ಲ. ಸೊಕ್ಕು ನೋಡು ಅಂದೆ. ಮುಂದ ಬಂದು ನಿಂತ ಮ್ಯಾಲ ನನ್ನ ಮಾರಿ ನೋಡಿ ಅಳಾಕ ಹತ್ತಿದ. ಅವಾಗ ಅನುಮಾನ ಬಂತು. ನಿನಗ ಅವತ್ತು ಏನ್ ಕೇಳಿಸ್ತಣ್ಣ ಅಂದೆ. ಬಾ ಅಂತ ಕೇಳಿಸ್ತು ತಂಗಿ ಅಂದ.’

ಮರಗಮ್ಮ ಮತ್ತೆ ಹಿಂದೆ ಹೋಗಿ ನಿಂತು ‘ಬಸ್’ ಅಂದರು. ಏನು ಕೇಳಿತು? ‘ಬಾ.’ ಮತ್ತೊಮ್ಮೆ ‘ಬಸ್’. ‘ಬಾ ಅಂದಿ.’

ಕಳಂಬೋಲಿಯ ಲಾರಿ ಅಡ್ಡಾದಲ್ಲಿ ಉಚಿತ ಕಿವಿ ತಪಾಸಣೆ ನಡೆದಾಗ ಬಾಲಪ್ಪನನ್ನು ಕೈಹಿಡಿದು ಎಳೆದೊಯ್ದವರೂ ಮರಗಮ್ಮನೇ. ಅಲ್ಲಿ ಪರೀಕ್ಷೆ ಮಾಡಿದವರು ಖಾರಘರದ ಶ್ರೀವಾಣಿ, ಕಿವಿಯ ತಜ್ಞೆ. ಅವರ ಮಾತು ಸರಳ: ‘ದೊಡ್ಡ ಶಬ್ದದಲ್ಲಿ ವರ್ಷಗಟ್ಟಲೆ ಕೂತವರಿಗೆ ಮೊದಲು ಹೋಗುವುದು ಸಪೂರ ಶಬ್ದಗಳು. ಸ, ಶ, ಸೀಟಿ, ಹಕ್ಕಿ ಕೂಗುವುದು, ಇಂಥದ್ದು. ಮಾತು ಕೇಳ್ತದೆ, ಅಕ್ಷರ ಕೇಳುವುದಿಲ್ಲ. ಹೋದದ್ದು ವಾಪಸ್ ಬರುವುದಿಲ್ಲ ಮಾರಾಯ್ರೆ, ಉಳಿದದ್ದನ್ನಾದರೂ ಜೋಪಾನ ಮಾಡಿ ಅಂತ ಹೇಳಿದೆ.’ ತೀರ ಹದಗೆಡದ ಎಡಗಿವಿಗೆ ಯಂತ್ರ ಕೊಟ್ಟರು. ಬಲಗಿವಿಗೆ ಹಿಂಡಿ ತುರುಕುವ ಕಿತ್ತಳೆ ಬಣ್ಣದ ಸ್ಪಂಜಿನ ಬಿರಡೆ.

ಅಂದಿನಿಂದ ಬಾಲಪ್ಪ ಬೇರೆಯೇ ಮನುಷ್ಯ. ಪ್ರೆಷರ್ ಹಾರ್ನ್ ಕಿತ್ತೆಸೆದರು. ಒಡೆದ ಸೈಲೆನ್ಸರ್ ಬದಲಾಯಿಸಿದರು. ಎಂಜಿನ್ನಿನ ಮುಚ್ಚಳದ ಮೇಲೆ ಮಡಿಸಿದ ಗೋಣಿತಟ್ಟು. ಬಲಗಡೆಯ ಗಾಜು ಏರಿಸಿ, ಸೆಖೆಗೆ ಒಂದು ಚಿಕ್ಕ ಫ್ಯಾನು. ತಮ್ಮ ಯಂತ್ರದ ಗುಟ್ಟು ಬಿಡದೆ ಉಳಿದ ಚಾಲಕರಿಗೂ ಬಿರಡೆ ಹಂಚಲು ಹೊರಟರೆ ಮೊದಮೊದಲು ತಮಾಷೆಯೋ ತಮಾಷೆ. ‘ಏನಪಾ ಕರ್ಣ, ಕುಂಡಲ ಹಾಕ್ಕೊಂಡು ಯಾರ ಮದವಿಗೆ ಹೊಂಟಿ?’ ಎಂದು ರೇಗಿಸಿದವರೇ ಆಮೇಲೆ ಯಾರೂ ಇಲ್ಲದಾಗ ಬಂದು, ‘ಯಣ್ಣಾ, ನನಗೂ ಗುಂಯ್ ಅಂತದ, ಒಂದ್ ಜೋಡಿ ಕೊಡು’ ಅನ್ನುತ್ತಾರೆ. ಹೆದ್ದಾರಿಯಲ್ಲಿ ಎದೆ ಸೆಟೆಸಿ ಹೋಗುವ ಈ ಗಂಡಸರು ಕಿವಿಯ ವಿಷಯಕ್ಕೆ ಬಂದರೆ ಹೊಸ ಮದುವಣಗಿತ್ತಿಯರು.

ಮರಗಮ್ಮ ಇಟ್ಟ ಷರತ್ತು ಒಂದೇ. ಕಟ್ಟೆಗೆ ಲಾರಿ ಹಚ್ಚುವಾಗ ಯಾರೂ ಕೂಗಕೂಡದು. ನಾನೇ ಬಂದು ತಟ್ಟುತ್ತೇನೆ. ಅಂಗೈ ತಟ್ಟಿದರೆ ಬಾ, ಮುಷ್ಟಿ ಗುದ್ದಿದರೆ ನಿಲ್ಲು. ಗುದ್ದು ಸ್ಟೇರಿಂಗಿನಲ್ಲಿ ಕೈಗೇ ತಾಗುತ್ತದೆ, ಕಿವಿಯ ಹಂಗಿಲ್ಲ. ಈಗ ಅದೇ ಮಾರುಕಟ್ಟೆಯಲ್ಲಿ ಮಳಿಗೆ ಕಾಯುವ ಸಿದ್ರಾಮ ಮೂರು ಬೆರಳಲ್ಲಿ ಚಹಾದ ಲೋಟ ಹಿಡಿದು ನಗುತ್ತಾರೆ: ‘ನಮ್ಮಾಕಿ ನನಗ ಗುದ್ದೋದು ಬಿಟ್ಟು ಲಾರಿಗೆ ಗುದ್ದತಾಳ್ರೀ. ನನಗ ಆರಾಮ ಆಗೇತಿ.’

ಇಷ್ಟೆಲ್ಲ ಕೇಳಿದ ಮೇಲೆ ಬರೆಯದೆ ಇರಲಾಗಲಿಲ್ಲ. ತೊಡಕು ಏನೆಂದರೆ, ಮುರಾರಿ ರಾಯರು ಭಾನುವಾರದ ಕಾಫಿಯ ಜೊತೆ ಈ ಪುರವಣಿಯನ್ನು ತಪ್ಪದೆ ಓದುವವರು. ಹೆಸರು ಬದಲಿಸಿ ಬರೆಯುತ್ತೇನೆ ಎಂದೆ. ಬಾಲಪ್ಪನಿಗೆ ಸಮಾಧಾನವಾದಂತೆ ಕಂಡಿತು. ಮರಗಮ್ಮನಿಗೆ ಆಗಲಿಲ್ಲ. ‘ಬ್ಯಾರೆ ಹೆಸರು ಹಾಕಿದ್ರ ಕಿವುಡ ಬ್ಯಾರೆಯವ ಆಕ್ಕಾನ, ಕುಡುಕ ಇಂವನ ಉಳೀತಾನ’ ಎಂದರು.

ಎರಡು ದಿನ ಬಿಟ್ಟು ಬಾಲಪ್ಪನ ಫೋನು. ನಿಜ ತಿಳಿದ ಮೇಲೆ ಅಪ್ಪನ ಜೊತೆ ಮತ್ತೆ ಮಾತಾಡತೊಡಗಿದ್ದ ಜ್ಯೋತಿ, ಯಂತ್ರಕ್ಕೆ ಹೊಸ ಸೆಲ್ ಹಾಕಿ ಕೊಡುವಾಗ ಹೇಳಿದಳಂತೆ, ಅವಳದೇ ಹಿಂದಿಯಲ್ಲಿ: ‘ಪಪ್ಪಾ, ನಾಮ್ ಡಾಲ್ನೇ ದೋ ನಾ.’ ಹೆಸರು ಹಾಕಲಿ ಬಿಡು ಅಪ್ಪಾ ಎಂದು. ‘ನನ್ನ ಹೆಸರ ಹಾಕ್ರಿ ಸರ. ಕುಡುಕ ಅಲ್ಲ, ಕಿವುಡ ಅಂತ ಬರೀರಿ. ಆದ್ರ ಶೇಠ್ರು ಪೇಪರಿನ್ಯಾಗ ಓದಿ ತಿಳಕೋಬಾರ್ದು. ನಾನ ಹೋಗಿ ಹೇಳ್ತೀನಿ.’

ಹೋದರು. ಮಫ್ಲರ್ ಮನೆಯಲ್ಲೇ ಬಿಟ್ಟು, ಡೊಂಬಿವಲಿಯ ಹೋಟೆಲಿಗೆ ಹೋಗಿ ಗಲ್ಲಾಪೆಟ್ಟಿಗೆಯ ಮುಂದೆ ನಿಂತು, ಕಿವಿ ತೋರಿಸಿ ಎಲ್ಲ ಹೇಳಿದರು. ರಾಯರು ಯಂತ್ರವನ್ನೇ ನೋಡುತ್ತ ಕೇಳಿದರಂತೆ, ‘ಹಾಗಾದ್ರೆ ಅವತ್ತು ಹೂಂ ಅಂದದ್ದು ಯಾಕಾ ಮಾರಾಯ?’ ‘ಕೇಳಿಸಲಿಲ್ರೀ, ಅದಕ್ಕ ಹೂಂ ಅಂದೆ’ ಎಂದರು ಬಾಲಪ್ಪ. ರಾಯರು ಎದ್ದು ಅಡುಗೆಮನೆಯ ಕಡೆ ತಿರುಗಿದರು.

ಮುಂದಿನದನ್ನು ಬಾಲಪ್ಪನ ಬಾಯಲ್ಲೇ ಕೇಳಬೇಕು.

‘ಹೋಗ್ತಾ ಹೋಗ್ತಾ ಬೆನ್ನು ಮಾಡಿ ಏನೋ ಅಂದ್ರು ಸರ. ಮೊದಲಿನ ಬಾಲಪ್ಪ ಆಗಿದ್ರ ಹೂಂ ಅಂದು ಹೊಳ್ಳಿ ಬರ್ತಿದ್ದ. ಈ ಸಲ ಹಿಂದಿಂದ ಹೋಗಿ, ಎದುರಿಗೆ ನಿಂತು ಕೇಳೇಬಿಟ್ಟೆ. ಶೇಠ್ರ, ಬಸ್ ಅಂದ್ರೋ, ಬಾ ಅಂದ್ರೋ? ಮತ್ತೊಮ್ಮೆ ಹೇಳಿಸಿಕೊಂಡೆ. ಸೋಮವಾರ ಆ ಕಿವಿ ಮೇಡಮ್ಮನ್ನ ಕರಕೊಂಡು ಬಾ, ಎಲ್ಲಾ ಗಾಡಿಯವರ ಕಿವೀನೂ ನೋಡಿಸೋಣ ಅಂದಾರ್ರೀ. ಬಾ ಅಂತನ ಅಂದಾರ.’