ರಾಜನನ್ನೂ ನಂಬದ ಅತ್ತೆ

ಹೋದ ವಾರ ತಂಗಿಯ ಮೊಮ್ಮಗುವಿಗೆಂದು ಕಾಡಿಗೆಗೆ ಮಸಿ ಹಿಡಿಯುತ್ತಿದ್ದೆ. ಹರಳೆಣ್ಣೆ ದೀಪ ಹಚ್ಚಿ ಮೇಲೆ ಹಿತ್ತಾಳೆ ತಟ್ಟೆ ಬೋರಲು ಹಾಕಿದರೆ ಒಂದು ಗಳಿಗೆಯಲ್ಲಿ ಅಡುಗೆಮನೆ ತುಂಬ ಅದರ ವಾಸನೆ... ಅಂಗಡಿಯಲ್ಲಿ ಸಿಗುವುದನ್ನು ತಂದರಾಗದೇನೇ ಅಂತ ತಂಗಿ ರೇಗಿದಳು. ಅಂಗಡಿಯವರು ಅದಕ್ಕೆ ಏನು ಬೆರೆಸುತ್ತಾರೋ ಕಂಡವರಾರು ಅಂದೆ. ಅಂದ ಮೇಲೆ ನನಗೇ ನಗು ಬಂತು. ಅದು ನನ್ನ ಮಾತಲ್ಲ, ಪಕ್ಕದ ಮನೆ ಅತ್ತೆಯ ಮಾತು. ಆಕೆ ಹೋಗಿ ವರ್ಷಗಳಾದವು, ಬಾಯಿ ಮಾತ್ರ ನನಗೆ ಬಿಟ್ಟುಹೋಗಿದ್ದಾಳೆ.

ರಕ್ತಸಂಬಂಧ ಏನೂ ಇಲ್ಲ. ಬಿಡದಿಗೂ ರಾಮನಗರಕ್ಕೂ ನಡುವೆ, ಮೈಸೂರು ರಸ್ತೆಯಿಂದ ಒಂದಿಷ್ಟು ಒಳಗಿರುವ ಈ ಊರಿಗೆ ನಾನು ಸೊಸೆಯಾಗಿ ಬಂದಾಗ ಹಿತ್ತಲ ಗೋಡೆಯಾಚೆ ಇದ್ದವಳು. ಗಂಡ ಸತ್ತಿದ್ದ, ಮಕ್ಕಳಿರಲಿಲ್ಲ, ಒಂದು ಹೊಲವಿತ್ತು. ಏಕವಚನದಲ್ಲಿ ಬರೆಯುತ್ತಿದ್ದೇನೆಂದು ಯಾರೂ ಬೇಸರ ಮಾಡಿಕೊಳ್ಳಬಾರದು. ಬಹುವಚನ ಹಚ್ಚಿದರೆ ಇವಳಿಗೆ ನನ್ನಿಂದ ಏನೋ ಆಗಬೇಕಾಗಿದೆ ಅಂದುಕೊಳ್ಳುವ ಹೆಂಗಸು ಅದು.

ಅನುಮಾನಂ ಪೆದ್ದ ರೋಗಂ ಅಂತಾರಲ್ಲ, ಆ ರೋಗಕ್ಕೆ ಆಕೆಯ ಮನೆಯೇ ತವರು. ಡೈರಿಯಲ್ಲಿ ಹಾಲು ಅಳೆಯುವವನ ಕೈ ನೋಡುತ್ತಿದ್ದಳೇ ಹೊರತು ಹಾಲನ್ನಲ್ಲ. ರಾಮನಗರದ ಮಾರ್ಕೆಟ್ಟಿಗೆ ರೇಷ್ಮೆಗೂಡು ಒಯ್ದರೆ ಹರಾಜು ಮುಗಿಯುವ ತನಕ ಗೂಡಿನ ಪಕ್ಕದಿಂದ ಏಳುತ್ತಿರಲಿಲ್ಲ, ಎಳನೀರು ಕೂಡ ಕುಡಿಯುತ್ತಿರಲಿಲ್ಲ. ಗೂಡು ಕೊಂಡು ನೂಲು ತೆಗೆಸುವ ರೀಲರ್ ಸಾಬರೊಬ್ಬರು, ಅಮ್ಮಾ ನಿಮ್ಮ ಗೂಡಿಗಿಂತ ನೀವೇ ಗಟ್ಟಿ ಅಂತ ನಗುತ್ತಿದ್ದರು. ಆ ನಗುವಿನ ಮೇಲೂ ಆಕೆಗೆ ಅನುಮಾನ.

ಸುಮ್ಮಸುಮ್ಮನೆ ಬಂದದ್ದಲ್ಲ ಅದು. ಗಂಡ ಹಿಪ್ಪುನೇರಳೆಗೆ ನೀರು ಕಟ್ಟಲು ಹೋಗಿ ಹರಿದುಬಿದ್ದ ಕರೆಂಟಿನ ತಂತಿ ತುಳಿದು ಸತ್ತನಂತೆ. ಆಗ ದೊಡ್ಡ ಮನುಷ್ಯರೊಬ್ಬರು ಬಂದು, ಊರ ಮುಂದೆ ಮೈಕು ಹಿಡಿದು, ಈ ತಾಯಿಗೆ ಸೈಟು ಕೊಡಿಸುತ್ತೇನೆ ಅಂದು ಫೋಟೊ ತೆಗೆಸಿಕೊಂಡು ಹೋದರು. ಫೋಟೊ ಪೇಪರಿನಲ್ಲಿ ಬಂತು, ಸೈಟು ಬರಲಿಲ್ಲ. ಪೇಪರು ನೋಡಿದ ನೆಂಟರೆಲ್ಲ, ನಿನಗೇನವ್ವ ಸೈಟು ಬಂತಲ್ಲ ಅಂತ ವರ್ಷಗಟ್ಟಲೆ ಆಕೆಯನ್ನು ಹಂಗಿಸಿದರು.

ಆಕೆಯ ಹೊಲದ ಮೂಲೆಯಲ್ಲಿ ಎದೆಯೆತ್ತರದ ಒಂದು ಕಲ್ಲು ನಿಂತಿತ್ತು. ನಡುವೆ ಬಿಲ್ಲು ಹಿಡಿದ ಆಳು, ಮೇಲೆ ಸವೆದ ಅಕ್ಷರ. ಊರಿನವರಿಗೆ ಅದು ಯಂತ್ರದ ಕಲ್ಲು. ಹಸು ಈಯಲು ಕಷ್ಟಪಟ್ಟರೆ ಆ ಅಕ್ಷರದ ಮೇಲೆ ನೀರು ಹುಯ್ದು, ಇಳಿದದ್ದನ್ನು ಹಿಡಿದು ಕುಡಿಸುತ್ತಿದ್ದರು. ಏನು ಬರೆದಿದೆ ಅಂತ ಯಾರೂ ಕೇಳಿದವರಲ್ಲ.

ಎರಡು ಸಾವಿರದ ಇಸವಿಯ ಈಚೆಗೆ ಬಿಡದಿಯ ಕಡೆಯಿಂದ ಫ್ಯಾಕ್ಟರಿಗಳು ಒಂದೊಂದೇ ನಮ್ಮತ್ತ ಸರಿಯತೊಡಗಿದವು. ಕಾರಿನಲ್ಲಿ ಬಂದವರು ಹೊಲದಲ್ಲಿ ಇಳಿದು ನೋಡಿ ಹೋಗುತ್ತಿದ್ದರು. ಆಮೇಲೆ ಅಳತೆಯವರು ಬಂದರು, ಆಮೇಲೆ ನೋಟೀಸು ಬಂತು. ಆ ಬದಿಯ ಹೊಲಗಳೆಲ್ಲ ಕೈಗಾರಿಕೆಗೆ ಹೋಗುವುದೆಂದಾಯಿತು, ಅತ್ತೆಯದೂ ಸೇರಿ. ಆಕೆಗೆ ಇದ್ದದ್ದೇ ಅದೊಂದು. ನೋಟೀಸು ಬಂದ ದಿನ ಆಕೆ ಒಲೆ ಹಚ್ಚಲಿಲ್ಲ. ನಾನು ಮುದ್ದೆ ಸಾರು ತೆಗೆದುಕೊಂಡು ಹೋದರೆ ತಟ್ಟೆಯನ್ನು ನೋಡದೆ ನನ್ನ ಮುಖವನ್ನೇ ನೋಡಿದಳು.

ನಾನು ರಾಮನಗರದ ಕಾಲೇಜಿನಲ್ಲಿ ಹಿಸ್ಟರಿ ಓದಿದವಳು. ಪಕ್ಕದ ಊರಿನಲ್ಲಿ ಹಳೇ ಗುಡಿಯಿದ್ದ ಜಾಗವನ್ನು ಕೈಗಾರಿಕೆಗೆ ತೆಗೆದುಕೊಳ್ಳದೆ ಬಿಟ್ಟು ಬೇಲಿ ಹಾಕಿದರೆಂದು ಕೇಳಿದ್ದೆ. ಹಳೇ ಕಲ್ಲಿದ್ದ ಹೊಲವನ್ನೂ ಹಾಗೇ ಬಿಟ್ಟಾರು ಅನ್ನಿಸಿ, ನಮಗೆ ಪಾಠ ಹೇಳಿದ್ದ ಮೇಷ್ಟ್ರನ್ನು ಕರೆಸಿದೆ. ಅವರಿಗೆ ಕಲ್ಲಿನ ಬರಹ ಓದುವ ಹುಚ್ಚು. ಅವರು ಬಂದರೆ ಅತ್ತೆ ಆ ಕಲ್ಲಿಗೆ ಬೆನ್ನು ಕೊಟ್ಟು ಕುಳಿತುಬಿಟ್ಟಳು. ನೀವು ಯಾರ ಕಡೆಯವರು, ಬಸ್ ಚಾರ್ಜು ಯಾರು ಕೊಟ್ಟರು, ಕಾಗದ ಎಲ್ಲಿಗೆ ಒಯ್ಯುತ್ತೀರಿ... ನಿಧಿಗಿಧಿ ಹುಡುಕುವವರೋ ಎಂದೂ ಕೇಳಿದಳು. ನನಗೆ ಭೂಮಿಗಿಳಿದುಹೋಗುವಷ್ಟು ನಾಚಿಕೆ. ಮೇಷ್ಟ್ರು ಮಾತ್ರ ಒಂದೊಂದಕ್ಕೂ ತಾಳ್ಮೆಯಿಂದ ಉತ್ತರ ಹೇಳಿದರು. ಕೊನೆಗೆ ಎದ್ದಳು, ಒಂದು ಮಾರು ದೂರಕ್ಕೆ ಮಾತ್ರ.

ಅವರು ಒದ್ದೆ ಕಾಗದವನ್ನು ಕಲ್ಲಿಗೆ ಹೊದಿಸಿ, ಬ್ರಷ್ಷಿನಲ್ಲಿ ಬಡಿಬಡಿದು ಅಕ್ಷರದ ಕುಳಿಗೆ ಇಳಿಸಿ, ಮೇಲೆ ಮಸಿ ಒತ್ತಿದರು. ತಂದಿದ್ದ ಮಸಿ ಸಾಲದೆ ಅತ್ತೆಯ ದೀಪದ ಮಸಿಯನ್ನೇ ಕೇಳಿ ಕಲಸಿಕೊಂಡರು. ಕಪ್ಪು ಹಾಳೆಯಲ್ಲಿ ಬಿಳೀ ಅಕ್ಷರ ಎದ್ದು ಬಂದವು. ಗಂಗರ ಶ್ರೀಪುರುಷ ನಾಡಾಳುತ್ತಿದ್ದಾಗ, ಕಳ್ಳರು ಹೊಡೆದೊಯ್ದ ದನ ಬಿಡಿಸಲು ಹೋಗಿ ಈ ಊರಿನವನೊಬ್ಬ ಸತ್ತ. ಅವನ ಮನೆಯವರಿಗೆ ರಾಜ ಈ ಹೊಲವನ್ನು ಕೊಡುಗೆಯಾಗಿ ಕೊಟ್ಟ. ಇದನ್ನು ಕೆಡಿಸಿದವರಿಗೆ ವಾರಣಾಸಿಯಲ್ಲಿ ಹಸು ಕೊಂದ ಪಾಪ ಬರಲಿ.

ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ ಸಾವಿರದಿನ್ನೂರು ವರ್ಷಗಳ ಹಿಂದಿನ ರಾಜ, ಪಕ್ಕದ ಮನೆಯವರ ಹೊಲದಲ್ಲಿ! ಇಂಥ ಕಲ್ಲು, ತಾಮ್ರದ ಹಲಗೆಗಳು ಇಲ್ಲದಿದ್ದರೆ ಅವನೊಬ್ಬ ಇದ್ದನೆಂದೇ ನಮಗೆ ತಿಳಿಯುತ್ತಿರಲಿಲ್ಲ ಅಂತ ಮೇಷ್ಟ್ರು ಉತ್ಸಾಹದಿಂದ ಹೇಳುತ್ತಿದ್ದರು. ಅತ್ತೆ ಅಡ್ಡ ಬಾಯಿ ಹಾಕಿ, ಇದನ್ನು ಬರೆಸಿದವರು ಯಾರು ಅಂತ ಕೇಳಿದಳು. ರಾಜನ ಕಡೆಯವರೇ ಇರಬೇಕು ಅಂದರು.

“ಅಂಗಾರೆ ಕೊಟ್ಟೆ ಅಂತ ಅವ್ನೇ ಬರ್ಸ್ಕಂಡವ್ನೆ. ಸತ್ತೋನ ಎಡ್ತಿಗೆ ಒಲ ಸಿಕ್ತೋ ಇಲ್ವೋ, ಅದ್ಯಾರು ಬರ್ದವ್ರೆ?”

ಮೇಷ್ಟ್ರು ನಕ್ಕರು. ಆಮೇಲೆ ನಗು ನಿಲ್ಲಿಸಿ ಹಾಳೆಯನ್ನು ಇನ್ನೊಮ್ಮೆ ನೋಡಿದರು. ಅದರಲ್ಲಿ ಆ ಹೆಂಗಸಿನ ಹೆಸರೂ ಇರಲಿಲ್ಲ. ಮೊದಲು ಆ ಹೊಲ ಯಾರದಿತ್ತು, ಯಾರಿಂದ ಕಿತ್ತು ಇವಳಿಗೆ ಕೊಟ್ಟನಂತೆ ಅಂತ ಅತ್ತೆ ಮುಂದುವರಿಸಿದಳು. ಅದೂ ಇರಲಿಲ್ಲ. ಹಸುವಿನ ಪಾಪದ ಮಾತು ಮಾತ್ರ ಆಕೆಗೆ ಹಿಡಿಸಿತು. ಹಾಗೆ ಹೆದರಿಸಿ ಬರೆಸಿದ್ದಾನೆ ಅಂದರೆ ರಾಜನಿಗೂ ಯಾರ ಮೇಲೂ ನಂಬಿಕೆಯಿರಲಿಲ್ಲ ಅನ್ನುವುದು ಆಕೆಯ ತೀರ್ಪು. ಆ ಸಂಜೆಯೆಲ್ಲ ಶ್ರೀಪುರುಷನ ಬಗ್ಗೆ ಸ್ವಲ್ಪ ಮೆತ್ತಗೆ ಮಾತಾಡಿದಳು.

ಮೇಷ್ಟ್ರು ಹೋಗುವಾಗ ನನ್ನನ್ನು ಪಕ್ಕಕ್ಕೆ ಕರೆದು, ಪುರಾತತ್ವ ಇಲಾಖೆಯವರಿಗೆ ಬರೆಯುತ್ತೇನೆ, ಸಾಹೇಬರೊಬ್ಬರು ನೋಡಲು ಬರುತ್ತಾರೆ, ಕಲ್ಲು ನಿಂತ ಜಾಗದಲ್ಲೇ ಅವರ ಕಣ್ಣಿಗೆ ಬಿದ್ದರೆ ಈ ಹೊಲ ಉಳಿಯಬಹುದು ಅಂದರು. ಅತ್ತೆಗೆ ಅದನ್ನೇ ಹೇಳಿದೆ.

ಸಾಹೇಬರು ಬಂದ ದಿನ ನಾನೇ ಮುಂದೆ ಮುಂದೆ ದಾರಿ ತೋರಿಸಿಕೊಂಡು ಹೋದೆ. ಹೊಲದ ಮೂಲೆಯಲ್ಲಿ ಕಲ್ಲಿಲ್ಲ. ಹೊಸದಾಗಿ ಉತ್ತ ಮಣ್ಣು, ಮೇಲೆ ಅವರೆ ಬೀಜ ಬೇರೆ ಚೆಲ್ಲಿದ್ದಾಳೆ. ಅತ್ತೆ ಸೆರಗು ಹೊದ್ದು ನಿಂತಿದ್ದಳು.

“ಯಾವ ಕಲ್ಲು ಸ್ವಾಮಿ? ರಾಮನಗರದ ಸೀಮೇಲಿ ಎಲ್ ನೋಡುದ್ರೂ ಕಲ್ಲೇ.”

ಮೇಷ್ಟ್ರು ಕಪ್ಪು ಹಾಳೆ ಬಿಡಿಸಿ ತೋರಿಸಿದರು. ಹಾಳೆ ಯಾವ ಹೊಲದ ಕಲ್ಲಿನದೆಂದು ಹೇಳಲು ಬರುವುದಿಲ್ಲವಲ್ಲ ಅಂದು ಸಾಹೇಬರು ಜೀಪು ಹತ್ತಿದರು. ಮೇಷ್ಟ್ರು ಹಾಳೆ ಮಡಿಸಿಕೊಂಡು ಹೋದರು. ನಾನು ಮನೆಗೆ ಬಂದು, ತಡೆಯಲಾರದೆ ಹಿತ್ತಲ ಗೋಡೆಯಾಚೆ ಬಗ್ಗಿ ನೋಡಿದರೆ, ಅತ್ತೆ ಒಂದು ಹೊಸ ಹಾಸುಗಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದಾಳೆ. ಕನಕಪುರದ ಕಡೆಯ ತಮ್ಮನ ಟ್ರ್ಯಾಕ್ಟರ್ ತರಿಸಿ, ನಾವು ತವರಿಗೆ ಹೋಗಿದ್ದ ದಿನ ನೋಡಿಕೊಂಡು ರಾಜನನ್ನು ಬೋರಲು ಹಾಕಿಸಿದ್ದಳು.

ಬಾಯಿಗೆ ಬಂದದ್ದೆಲ್ಲ ಅಂದೆ. ನಿನ್ನ ಅನುಮಾನಕ್ಕೆ ಬೆಂಕಿ ಬೀಳ ಅಂದೆ. ಆಕೆ ಸೀರೆ ಹಿಂಡುತ್ತಾ, ಕಂಪನಿಯವರು ಬಂದರೂ ಬೇಲಿ ಹಾಕುತ್ತಾರೆ, ನಿನ್ನ ರಾಜನ ಕಡೆಯವರು ಬಂದರೂ ಬೇಲಿ ಹಾಕುತ್ತಾರೆ ಅಂದಳು. ಅಷ್ಟೇ. ಜಾಗ ಬಿಟ್ಟೆದ್ದ ಕಲ್ಲನ್ನು ಇನ್ನು ಯಾರಿಗೆ ತೋರಿಸಿಯೂ ಫಲವಿರಲಿಲ್ಲ. ಹೊಲ ಹೋಯಿತು. ಸುತ್ತಲಿನವರ ಹೊಲಗಳ ಜೊತೆ, ಒಂದೇ ಜೆಸಿಬಿ, ಒಂದೇ ವಾರ. ಅವರೆ ಆಗಿನ್ನೂ ಹೂ ಬಿಡುತ್ತಿತ್ತು. ನಾವಿಬ್ಬರೂ ಬಹಳ ದಿನ ಮಾತು ಬಿಟ್ಟಿದ್ದೆವು. ಅಂಗಡಿಯಿಂದ ರಾಗಿ ಕೊಂಡು ತಂದು, ಹಿಡಿಹಿಡಿಯಾಗಿ ಮೂಸಿ ನೋಡುತ್ತಾ ಜಗುಲಿಯ ಮೇಲೆ ಕೂತಿರುತ್ತಿದ್ದಳು. ನೋಡಿದರೆ ಪಾಪ ಅನ್ನಿಸುತ್ತಿತ್ತು. ಆದರೂ ಸಿಟ್ಟು ಇಳಿಯಲಿಲ್ಲ.

ಕಡೆಗಾಲಕ್ಕೆ ಹಾಸಿಗೆ ಹಿಡಿದಾಗ ಗಂಜಿ ಕುಡಿಸುತ್ತಿದ್ದವಳು ನಾನೇ. ಒಂದು ಮಧ್ಯಾಹ್ನ ನಾನು ಕೇಳದೆಯೇ ಹೇಳಿದಳು.

“ಕಲ್ಲು ತೋರ್ಸಿದ್ರೆ ನನ್ನೊಲ ಉಳೀತಿತ್ತು. ಗೊತ್ತಿತ್ತು ಕನವ್ವ. ಎಲ್ರುದೂ ಓಗಿ ನಂದೊಂದೇ ಉಳುದ್ರೆ ಊರು ಏನಂತಿತ್ತು ಯೋಳು? ಒಳಗೊಳಗೇ ಏನೋ ಮಾಡ್ಕಂಡವ್ಳೆ ಅಂತಿತ್ತು. ಅನುಮಾನ ಪಟ್ಟು ನಂಗೆ ಗೊತ್ತು. ಪಡಿಸ್ಕಂಡು ಬದ್ಕಾಕೆ ನನ್ ಕೈಲಾಗ್ತಿರ್ನಿಲ್ಲ.”

ಹೀಗೂ ಇರುತ್ತದೆಯೇ... ಡೈರಿಯವನನ್ನು, ಸಾಬರನ್ನು, ಮೇಷ್ಟ್ರನ್ನು, ಸಾವಿರ ವರ್ಷದ ಹಿಂದಿನ ದೊರೆಯನ್ನು ನಂಬದವಳು, ಊರು ತನ್ನನ್ನು ನಂಬಲಿ ಅಂತ ಇದ್ದೊಂದು ಹೊಲ ಬಿಟ್ಟುಕೊಟ್ಟಿದ್ದಳು. ಗಂಜಿ ಬಟ್ಟಲು ಕೆಳಗಿಟ್ಟು ಅತ್ತುಬಿಟ್ಟೆ. ಇದೇನು ಕಳ್ಳ ಅಳುವೋ ನಿಜವೋ ಅನ್ನುವ ಹಾಗೆ ಆಕೆ ನನ್ನ ಕಣ್ಣನ್ನೇ ನೋಡುತ್ತಿದ್ದಳು. ಅದಾಗಿ ಬಹಳ ದಿನ ಉಳಿಯಲಿಲ್ಲ. ಮನೆ ತಮ್ಮನ ಮಕ್ಕಳದಾಯಿತು. ಕಲ್ಲು ಇವತ್ತಿಗೂ ಆ ಹಿತ್ತಲಲ್ಲಿ ಬೋರಲಾಗಿಯೇ ಇದೆ. ಮೇಲೆತ್ತಿಸಿ ಅಂತ ನಾನು ಹೇಳುತ್ತಲೇ ಇದ್ದೇನೆ, ಅವರು ಆಗಲಿ ಅನ್ನುತ್ತಲೇ ಇದ್ದಾರೆ.

ಮೊನ್ನೆ ರಾಮನಗರಕ್ಕೆ ಹೋಗಲು ಬಸ್ ಸ್ಟಾಪಿನಲ್ಲಿ ನಿಂತಿದ್ದೆ. ಎದುರಿಗೇ ಫ್ಯಾಕ್ಟರಿಯ ಕಾಂಪೌಂಡು. ಆ ಬದಿಯಲ್ಲೇ ಹೊಲ ಕಳೆದುಕೊಂಡಿದ್ದ ಹಿರಿಯರೊಬ್ಬರು ಪಕ್ಕದವರಿಗೆ ಹೇಳುತ್ತಿದ್ದರು. ಆ ಮುದುಕಿ ಕಂಪನಿಯವರ ಹತ್ತಿರ ಏನೋ ಈಸಿಕೊಂಡೇ ಕಲ್ಲು ಮುಚ್ಚಿಟ್ಟಿದ್ದು, ಕಲ್ಲು ನಿಂತಿದ್ದರೆ ನಮ್ಮೆಲ್ಲರ ಹೊಲವೂ ಉಳಿಯುತ್ತಿತ್ತು... ಕಡೆಗಾಲದಲ್ಲಿ ಅತ್ತೆ ಆಡಿದ ಮಾತನ್ನು ಒಂದಕ್ಷರ ಬಿಡದೆ ಎಲ್ಲರ ಮುಂದೆ ಹೇಳಿದೆ. ಹಿರಿಯರು ಪೂರ್ತಿ ಕೇಳಿಸಿಕೊಂಡರು. ಕೇಳಿಸಿಕೊಂಡು ತಣ್ಣಗೆ ಅಂದರು:

“ನಿಂಗೂ ಒಸಿ ಕೊಟ್ಟಿದ್ಲೇನವ್ವಾ?”

ಯಾರೂ ನಗಲಿಲ್ಲ. ನಾನೇನು ಉತ್ತರ ಕೊಡುತ್ತೇನೆಂದು ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಬಸ್ಸು ಬಂತು, ನಾನು ಹತ್ತಲಿಲ್ಲ, ಮನೆಗೆ ವಾಪಸು ಬಂದೆ. ಹೀಗಂದರು ನೋಡು ಅತ್ತೆ ಅಂತ ಗೋಡೆಯ ಹತ್ತಿರ ನಿಂತು ಹೇಳಿಕೊಳ್ಳೋಣವೆಂದರೆ, ಆ ಮನೆಗೆ ಬೀಗ.