ಬಫಾತಿನ ಮೇಲೆ ಶಾಂಪೇನ್

ಉಪ್ಪಳದ ಸಿಮೋನ್ ಹಲವು ವರ್ಷ ಪ್ರವಾಸಿ ಹಡಗಿನಲ್ಲಿ ವೈನ್ ಬಡಿಸುವವನಾಗಿದ್ದ. 2013ರಲ್ಲಿ ಆ ಕೆಲಸ ಬಿಟ್ಟು ಬಂದು ಪೇಟೆಯಲ್ಲಿ ಪೈಂಟಿನ ಅಂಗಡಿ ಹಾಕಿದ. ಹಡಗಿನ ಸುದ್ದಿ ಯಾರಾದರೂ ಎತ್ತಿದರೆ ಮುಖ ಕಿವುಚುತ್ತಿದ್ದ.

ಡೆಮಿ ಸೆಕ್ ಎಂಬ ಅರೆಸಿಹಿ ಶಾಂಪೇನನ್ನು ಯಾವುದರ ಜೊತೆ ಕುಡಿದರೆ ಚೆಂದ ಎಂದು ಮೇಜಿನಿಂದ ಮೇಜಿಗೆ ಹೇಳುತ್ತ ಹೋಗುವುದು ಅಲ್ಲಿ ಅವನ ಪಾಲಿನ ಕೆಲಸ. ನೀಲಿ ಬೂಸ್ಟು ಹಿಡಿದ ಚೀಸ್, ಹಣ್ಣಿನ ತಿಂಡಿ, ಕೊಬ್ಬಿದ ಬಾತುಕೋಳಿಯ ಲಿವರ್. ಬಾತುಕೋಳಿಯ ಗಂಟಲಿಗೆ ನಳಿಗೆ ತುರುಕಿ ಜೋಳ ತುಂಬಿಸಿ ಆ ಲಿವರನ್ನು ಬೆಳೆಸುತ್ತಾರೆಂದು ಅಡುಗೆಯವನೊಬ್ಬ ಹೇಳಿದ ದಿನ ಸಿಮೋನನಿಗೆ ಅನ್ನ ಸೇರಲಿಲ್ಲ. ಮರುದಿನವೂ ನಗುತ್ತ ಅದನ್ನೇ ಹೊಗಳಿದ.

ಒಮ್ಮೆ ಸಮುದ್ರ ಕೆರಳಿದಾಗ ಒಬ್ಬ ಮುದುಕ ಕುಡಿದದ್ದನ್ನೆಲ್ಲ ಮೇಜಿನ ಮೇಲೆಯೇ ಕಾರಿಕೊಂಡ. ಸಿಮೋನ್ ಬಗ್ಗಿ ಒರೆಸುತ್ತಿದ್ದಾಗ ಪಕ್ಕದ ಮೇಜಿನ ಹೆಂಗಸು ಗ್ಲಾಸು ಎತ್ತಿ, ಇದಕ್ಕೆ ಯಾವ ಕೇಕು ಒಳ್ಳೆಯದೆಂದು ಕೇಳಿದಳು. ವಾಂತಿಯ ಬಟ್ಟೆ ಕೈಯಲ್ಲಿರುವಾಗಲೇ ಅವನು ಉತ್ತರ ಕೊಟ್ಟ: ಕೇಕು ತೀರಾ ಸಿಹಿ ಇರಬಾರದು, ಇದ್ದರೆ ವೈನು ಹುಳಿ ಅನ್ನಿಸುತ್ತದೆ. ಅಂದಿನಿಂದ ಆ ಸಿಹಿ ನೊರೆಯ ವಾಸನೆ ಬಂದರೆ ಅವನು ಮುಖ ತಿರುಗಿಸುತ್ತಿದ್ದ.

ತಮ್ಮ ಲ್ಯಾರಿ ದುಬಾಯಿಯಲ್ಲಿದ್ದ. 2015ರಲ್ಲಿ ತನ್ನ ಮಗಳು ಪಿಂಕಿಯ ಮದುವೆಗೆ ಬಂದವನು ಅದೇ ಡೆಮಿ ಸೆಕ್ ತಂದಿದ್ದ.

"ಅಣ್ಣ, ನೀನೇ ಬಡಿಸಬೇಕು. ಯಾವುದರೊಟ್ಟಿಗೆ ಕುಡಿಯುವುದು ಅಂತ ಎಲ್ಲರಿಗೂ ಹೇಳು."

"ನಂಗೆ ಅದರ ವಾಸನೆ ಆಗುವುದಿಲ್ಲ ಮಾರಾಯ."

"ಬಿಳಿಯರಿಗೆ ಬಡಿಸಿದ್ದಿ. ಸ್ವಂತ ತಮ್ಮನಿಗೆ ಆಗುವುದಿಲ್ವಾ?"

ಮದುವೆಮನೆಯಲ್ಲಿ ಜಗಳ ಬೇಡವೆಂದು ಸಿಮೋನ್ ಒಪ್ಪಿದ. ಖಾರಕ್ಕೆ ಇದು ಹೊಂದುತ್ತದೆ, ಬಫಾತಿನ ಜೊತೆ ಕುಡಿಯಿರಿ ಎಂದು ಉಸಿರು ಬಿಗಿಹಿಡಿದು ಹೇಳಿದ. ಹಂದಿಮಾಂಸದ ಆ ಬಫಾತನ್ನು ಅವನ ಹೆಂಡತಿ ಜೋಯ್ಸ್ ಬೆಳಗ್ಗಿನಿಂದ ಒಲೆಯ ಮುಂದೆ ನಿಂತು ಮಾಡಿದ್ದಳು.

ಗ್ಲಾಸಿಗೆ ಯಾರೂ ಕಾಯಲಿಲ್ಲ. ಫೋಟೋಗೆಂದು ಲ್ಯಾರಿ ಬಾಟ್ಲಿಯನ್ನು ಚೆನ್ನಾಗಿ ಕುಲುಕಿ ಬಿರಡೆ ಹಾರಿಸಿದ. ನೊರೆ ಮದುಮಕ್ಕಳ ಮೇಲೆ ಚಿಮ್ಮಿ, ಮುಚ್ಚಳ ತೆಗೆದಿಟ್ಟಿದ್ದ ಬಫಾತಿನ ಪಾತ್ರೆಗೆ ಬಿತ್ತು. ಜನ ಸಿಳ್ಳೆ ಹೊಡೆದರು. ವರನ ತಂದೆ ಕ್ಲಿಫರ್ಡ್ ಪಾತ್ರೆಗೆ ಕೈ ಹಾಕಿ ಒಂದು ಎಲುಬು ಎತ್ತಿ ಚೀಪಿದರು. "ಈಗ ಸರಿಯಾದ ಜೋಡಿ ಆಯ್ತು!" ಎಂದು ನಗುತ್ತ ಎಲುಬನ್ನು ಮತ್ತೆ ಪಾತ್ರೆಗೇ ಹಾಕಿದರು.

ಸಿಮೋನ್ ಪಾತ್ರೆಯೊಳಗೆ ಬಗ್ಗಿ ನೋಡಿದ. ಕೆಂಪು ಸಾರಿನ ಮೇಲೆ ಬಿಳಿ ಗುಳ್ಳೆಗಳು ಒಡೆಯುತ್ತಿದ್ದವು. ಕೊಬ್ಬಿನ ತುಂಡುಗಳ ನಡುವೆ ಎಂಜಲು ಎಲುಬು.

"ಇದನ್ನು ಯಾರಿಗೂ ಬಡಿಸುವುದು ಬೇಡ," ಎಂದ.

ಲ್ಯಾರಿಯ ಮುಖ ಕೆಂಪಾಯಿತು. "ಊರವರ ಎಂಜಲು ಬಳಿದವ ನೀನು. ನಿಂಗೆಂತ ಇಷ್ಟು ಹೇಸಿಗೆ?"

"ಬಳಿದದ್ದಕ್ಕೇ."

ಅವನು ಪಾತ್ರೆಯ ಒಂದು ಕಿವಿ ಹಿಡಿದ. ಜೋಯ್ಸ್ ಇನ್ನೊಂದು ಹಿಡಿದಳು. ಇಬ್ಬರೂ ಅದನ್ನು ಮದುವೆ ಹಾಲ್‌ನ ಹಿಂದೆ ಒಯ್ದು ಗುಂಡಿಗೆ ಸುರಿದರು. ನೊಣ ಮುತ್ತುವುದನ್ನು ನೋಡುತ್ತ ಜೋಯ್ಸ್ ಸೆರಗಿನಿಂದ ಮೂಗು ಮುಚ್ಚಿಕೊಂಡು ಅತ್ತಳು. ಸಿಮೋನ್ ಗೋಡೆ ಹಿಡಿದು ವಾಂತಿ ಮಾಡಿದ. ಒಳಗೆ ಕೋಳಿ ಸುಕ್ಕದಲ್ಲಿ ಊಟ ಮುಗಿಯಿತು. ಗಂಡ ಹೆಂಡತಿ ಉಣ್ಣದೆ ಮನೆಗೆ ನಡೆದರು.

ಲ್ಯಾರಿ ಮಾತು ಬಿಟ್ಟ. ದುಬಾಯಿಗೆ ಹೊರಡುವಾಗಲೂ ಹೇಳಿ ಹೋಗಲಿಲ್ಲ.

ಮಳೆಗಾಲ ಮುಗಿದ ಮೇಲೆ ಪಿಂಕಿ ಪೈಂಟು ಕೊಳ್ಳಲು ಅಂಗಡಿಗೆ ಬಂದಳು. ಬಣ್ಣದ ಚೀಟಿಗಳನ್ನು ಮಗುಚುತ್ತ ತಲೆಯೆತ್ತದೆ ಹೇಳಿದಳು:

"ದೊಡ್ಡಪ್ಪ, ಆ ದಿನ ನಂಗೂ ವಾಕರಿಕೆ ಬಂದಿತ್ತು. ಸೀರೆಯೆಲ್ಲ ಅಂಟು ಅಂಟು. ಆದ್ರೆ ಎಂತ ಮಾಡುವುದು, ಫೋಟೋದವ ನಗಿ ನಗಿ ಅಂತಿದ್ದ."

"ನಕ್ಕಿಯಾ?"

"ನಕ್ಕೆ."

"ಹಡಗಿನಲ್ಲಿ ನಾನೂ ಹಾಗೇ ನಗುತ್ತಿದ್ದೆ," ಎಂದ ಸಿಮೋನ್. ಆಮೇಲೆ ಎದುರಿನ ಹೋಟೆಲಿನವನನ್ನು ಕೂಗಿ ಎರಡು ಚಾ ಹೇಳಿದ.