ಲಚ್ಚಿಯನ್ನು ನಾನು ಕೊಡಲಿಲ್ಲ

ಲಚ್ಚಿ ನನ್ನದಲ್ಲ. ನರಹರಿ ಮಾಸ್ತರರು ಸಾಯುವ ಮುಂಚೆ ಆ ಮರದ ಆಡನ್ನು ನನ್ನ ಕೈಗಿಟ್ಟು, ಇನ್ನು ಮುಂದೆ ಕಥೆ ನೀನೇ ಹೇಳು ಅಂದರು ಎಂದು ನಾನು ಇಷ್ಟು ವರ್ಷ ಹೇಳುತ್ತ ಬಂದದ್ದು ಸುಳ್ಳು. ಅವರು ಹಾಗೆ ಅನ್ನಲಿಲ್ಲ. ಅವರು ತೀರಿಕೊಂಡ ದಿನ ನಾನು ಆ ಊರಲ್ಲೇ ಇರಲಿಲ್ಲ. ಅವರ ಮನೆಯ ಸಾಮಾನು ಹರಾಜಿಗೆ ಬಂದಾಗ ಆ ಆಡನ್ನು ಕೂಗಿ ಹಿಡಿದೆ. ಅದೂ ನನಗಾಗಿ ಅಲ್ಲ, ಅವರ ಹೆಂಡತಿಗಾಗಿ. ಆಕೆಯೇ ನನ್ನನ್ನು ಕರೆದು ಕೇಳಿಕೊಂಡಿದ್ದರು. ಹಿಡಿದೆ — ಆಮೇಲೆ ಕೊಡಲಿಲ್ಲ.

ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ಶಾಲೆಗಳಲ್ಲಿ ಚಿಕ್ಕವರಿದ್ದಾಗ ನನ್ನ ಕಥೆ ಕೇಳಿದವರು, ಲಚ್ಚಿಯ ಬೆನ್ನು ಸವರಬೇಕೆಂದು ಒಬ್ಬರನ್ನೊಬ್ಬರು ನೂಕಿಕೊಂಡು ನಿಂತವರು ಇದನ್ನು ಓದುತ್ತಿದ್ದರೆ, ನಿಮಗೇ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಕೆಲವರು ಈಗ ನಿಮ್ಮ ಮಕ್ಕಳಿಗೆ ಅದೇ ಕಥೆ ಹೇಳುತ್ತಿದ್ದೀರಿ. ಹೇಳಿರಿ, ಕಥೆಯಲ್ಲಿ ತಪ್ಪಿಲ್ಲ. ಆದರೆ ಅದರ ಜೊತೆಗೆ ನಾನು ಸೇರಿಸಿದ ಸುಳ್ಳು ಮಾತ್ರ ಇಲ್ಲಿಗೆ ನಿಲ್ಲಬೇಕು. ನಿಲ್ಲಿಸಬೇಕಾದವನು ನಾನೇ.

ನಿಜಾಮರ ಕಾಲದಲ್ಲಿ ನಮ್ಮ ಶಾಲೆಗಳಲ್ಲಿ ಓದೆಲ್ಲ ಉರ್ದುವಿನಲ್ಲಿ. ಕಾಗಿಣಾ ದಂಡೆಯ ಹಳ್ಳಿಯಿಂದ ಚಿತ್ತಾಪುರಕ್ಕೆ ಓದಲು ಬಂದ ಒಕ್ಕಲುತನದ ಮನೆಯ ಹುಡುಗ ನಾನು. ಕನ್ನಡ ಅಕ್ಷರ ಕಲಿತದ್ದು ನರಹರಿ ಮಾಸ್ತರರ ಪಡಸಾಲೆಯಲ್ಲಿ. ಶಾಲೆ ಬಿಟ್ಟ ಮೇಲೆ ಯಾವ ಹುಡುಗ ಬಂದರೂ ಕೂರಿಸಿಕೊಳ್ಳುತ್ತಿದ್ದರು. ಮೊದಲು ಪಾಟಿಯ ಮೇಲೆ ಅಕ್ಷರ, ಆಮೇಲೆ ಲಚ್ಚಿ. ಬೇವಿನ ಕಟ್ಟಿಗೆಯಲ್ಲಿ ಅವರೇ ಕೆತ್ತಿದ ಆಡು ಅದು, ಮೊಳದಷ್ಟು ಉದ್ದ. ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಶುರು ಮಾಡುತ್ತಿದ್ದರು. ಲಚ್ಚಿ ವಾಡಿಯಲ್ಲಿ ಟಿಕೀಟಿಲ್ಲದೆ ರೈಲು ಹತ್ತಿದ್ದು, ಟಿಕೀಟು ಕೇಳಿದವನ ಪುಸ್ತಕವನ್ನೇ ಮೇಯ್ದದ್ದು. ತಹಸೀಲದಾರರ ಹುಕುಂ ಕಾಗದ ತಿಂದು ತೇಗಿದ್ದು. ಮಳಖೇಡದ ಕೋಟೆಯ ತುದಿಗೆ ಹತ್ತಿ ಹೊತ್ತು ಹುಟ್ಟುವುದನ್ನು ಎಲ್ಲರಿಗಿಂತ ಮೊದಲು ನೋಡಿದ್ದು. ಆ ಕಥೆಗಳು ಸೊಲ್ಲಾಪುರದ ಕಡೆ ಅಚ್ಚಾಗಿ ಸಣ್ಣ ಸಣ್ಣ ಪುಸ್ತಕಗಳಾಗಿ ಬರುತ್ತಿದ್ದವು. ಮನೆಯಿಂದ ಮನೆಗೆ ಹೋಗಿ ಹೋಗಿ ರಟ್ಟು ಕಿತ್ತು, ಹಾಳೆ ಉದುರುವವರೆಗೆ ಓದುತ್ತಿದ್ದೆವು. ಓದಲು ಬಾರದ ತಾಯಂದಿರಿಗೂ ಅವು ಬಾಯಿಪಾಠ.

ಆ ಆಡನ್ನು ಮಾಸ್ತರರು ಕೆತ್ತಿದ್ದು ನಮಗಾಗಿ ಅಲ್ಲ, ತಮ್ಮ ಮಗ ರಾಘುವಿಗಾಗಿ. ಹುಟ್ಟಿನಿಂದ ಬಡಕಲು ಕೂಸಂತೆ ಅದು, ಹಾಸಿಗೆ ಬಿಟ್ಟು ಎದ್ದದ್ದೇ ಕಡಿಮೆ. ಲಚ್ಚಿಯ ಕಥೆಗಳು ಹುಟ್ಟಿದ್ದು ಆ ಹಾಸಿಗೆಯ ಪಕ್ಕದಲ್ಲಿ. ನಾನು ಚಿತ್ತಾಪುರಕ್ಕೆ ಬರುವ ಮೊದಲೇ ರಾಘು ತೀರಿಕೊಂಡಿದ್ದ. ಆಮೇಲೆ ಹುಟ್ಟಿದ ಮಗಳು ಸುಶೀಲಾ ಒಬ್ಬಳೇ ಅವರಿಗೆ ಉಳಿದದ್ದು.

ಮಾಸ್ತರರು ಜ್ವರದಿಂದ ಹೋದಾಗ ನಾನು ಸೇಡಮ್ಮಿನ ಒಂದು ಖಾಸಗಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಕೆಲವು ತಿಂಗಳ ಮೇಲೆ ಸುದ್ದಿ ಬಂತು. ಅವರ ಹೆಂಡತಿ ಗೋದಾಬಾಯಿಯವರು — ನಾವೆಲ್ಲ ಕಾಕು ಎಂದು ಕರೆಯುತ್ತಿದ್ದೆವು — ಮಗಳನ್ನು ಕರಕೊಂಡು ಸೊಲ್ಲಾಪುರದ ತಮ್ಮನ ಮನೆಗೆ ಹೋಗುತ್ತಿದ್ದಾರೆ. ಮನೆ ಮಾಸ್ತರರ ಅಣ್ಣನ ಪಾಲಿಗೆ ಸೇರಿತು, ಒಳಗಿನ ಸಾಮಾನನ್ನೆಲ್ಲ ಅವರು ಹರಾಜು ಹಾಕಿಸುತ್ತಿದ್ದಾರೆ ಎಂದು. ಬೆಳಿಗ್ಗೆಯ ಗಾಡಿಗೆ ಚಿತ್ತಾಪುರಕ್ಕೆ ಹೋದೆ.

ಅಂಗಳದ ತುಂಬ ಜನ. ಕಾಕು ಹಿತ್ತಲ ಬಾಗಿಲಲ್ಲಿ ನಿಂತು ನನ್ನನ್ನು ಕರೆಸಿಕೊಂಡರು. ವಿಧವೆಯರು ಉಡುವ ಕೆಂಪು ಸೀರೆಯ ಸೆರಗನ್ನು ಬೋಳು ತಲೆಯ ಮೇಲೆ ಎಳೆದುಕೊಂಡಿದ್ದರು. ಮೊದಲ ಗಳಿಗೆಯಲ್ಲಿ ನನಗೆ ಗುರುತೇ ಹತ್ತಲಿಲ್ಲ.

“ಶರಣಪ್ಪಾ, ಎಲ್ಲಾ ಹೋಗ್ಲಿ. ಹಂಡೆ ಹೋಗ್ಲಿ, ಮಂಚ ಹೋಗ್ಲಿ. ಆ ಆಡ ಒಂದು ನನಗ ಬೇಕು. ಅದರ ಕೊಂಬಿನ ಮ್ಯಾಲ ನನ್ನ ರಾಘುನ ಹಲ್ಲಿನ ಗುರುತವ. ಅವಂದು ಅಂತ ನನ್ನ ಹಂತ್ಯಾಕ ಬ್ಯಾರೆ ಏನೂ ಉಳದಿಲ್ಲ.”

“ಭಾವನವರಿಗಿ ಒಂದ್ ಮಾತ ಹೇಳಿದ್ರ ತಗದ ಇಡ್ತಿದ್ದರಲ್ಲರಿ ಕಾಕು?”

“ಅವರ ಮುಂದ ನಾ ಕೈ ಚಾಚೂದಿಲ್ಲ. ನೀ ಹಿಡದು ತಂದು ಕೊಡು.”

ತಂದು ಕೊಡುತ್ತೇನೆ ಎಂದೆ. ಆ ಹೊತ್ತಿಗೆ ಅದು ಸುಳ್ಳಾಗಿರಲಿಲ್ಲ — ಇಷ್ಟು ಮಾತ್ರ ಹೇಳಬಲ್ಲೆ.

ಹರಾಜು ಕೂಗುವವನು ಕಟ್ಟೆಯ ಮೇಲೆ ನಿಂತು ಒಂದೊಂದನ್ನೇ ಎತ್ತಿ ತೋರಿಸುತ್ತಿದ್ದ. ಮಾಸ್ತರರು ಕುಳಿತು ಬರೆಯುತ್ತಿದ್ದ ಇಳಿಜಾರು ಮೇಜು, ತೂಗುಮಂಚ, ತಾಮ್ರದ ಹಂಡೆ, ಕೊಡೆ. ಶಹಾಬಾದಿನ ಕಲ್ಲಿನ ವ್ಯಾಪಾರಿಯೊಬ್ಬ ತೂಗುಮಂಚ ಹಿಡಿದ. ಯಾರೋ ಒಬ್ಬ ಮಾಸ್ತರರ ಚಾಳೀಸು ಹಾಕಿಕೊಂಡು ಅವರಂತೆ ಕತ್ತು ಬಗ್ಗಿಸಿ ನೋಡಿದ; ಜನ ನಕ್ಕರು. ಅವನು ಚಾಳೀಸು ತೆಗೆದಿಟ್ಟು ಹಿಂದೆ ಸರಿದ. ಬಂದವರಲ್ಲಿ ಎಷ್ಟೋ ಜನ ಆ ಪಡಸಾಲೆಯಲ್ಲೇ ಓದು ಕಲಿತವರು. ನೆನಪಿಗೊಂದು ಇರಲಿ ಎಂದು ಬಂದವರೂ ಇದ್ದರು, ತಾಮ್ರಕ್ಕಾಗಿ ಬಂದವರೂ ಇದ್ದರು.

ಲಚ್ಚಿ ಬಂದದ್ದು ಒಂದು ಬುಟ್ಟಿಯಲ್ಲಿ, ಲಟ್ಟಣಿಗೆ ಕಡಗೋಲುಗಳ ಜೊತೆಗೆ. ಅದಕ್ಕೆ ಕೂಗಿದವರು ನಾನು ಮತ್ತು ಹೈದರಾಬಾದಿನಿಂದ ವರ್ಗವಾಗಿ ಬಂದಿದ್ದ ಕಚೇರಿಯ ಒಬ್ಬ ಸಾಹೇಬರು, ಇಬ್ಬರೇ. ಅವರಿಗೆ ಮನೆಯಲ್ಲಿ ಮೊಮ್ಮಕ್ಕಳಿದ್ದರು. ನಾನು ಬಿಡದೆ ಏರಿಸುತ್ತಲೇ ಹೋದೆ. ಅವರು ನನ್ನ ಮುಖ ನೋಡಿ, ಕೈ ಕೆಳಗಿಳಿಸಿ, “ಲೇ ಜಾವ್ ಮಾಸ್ಟರ್” ಎಂದರು. ಏಕ್ ಬಾರ್, ದೋ ಬಾರ್ — ಲಚ್ಚಿ ನನ್ನ ಕೈಗೆ ಬಂತು.

ಅಂಗಳದಿಂದ ಹಿತ್ತಲಿಗೆ ಹೋಗಲು ಮನೆಯ ಬದಿಯ ಓಣಿ ದಾಟಬೇಕು. ಆ ಓಣಿಯಲ್ಲಿ ಮಕ್ಕಳು ಆಡುತ್ತಿದ್ದರು. “ಲಚ್ಚಿ ಬಂತು” ಅಂತ ಒಬ್ಬ ಅಂದ, ಅಷ್ಟೇ, ಎಲ್ಲರೂ ನನ್ನ ಧೋತರ ಹಿಡಿದು ಜಗ್ಗಿದರು. ಒಂದು ಕಥೆ ಹೇಳ್ರಿ, ಒಂದೇ ಒಂದು. ಅಲ್ಲೇ ಕಲ್ಲಿನ ಮೇಲೆ ಕುಳಿತು, ಆಡನ್ನು ತೊಡೆಯ ಮೇಲೆ ಇಟ್ಟುಕೊಂಡು ವಾಡಿಯ ರೈಲಿನ ಕಥೆ ಹೇಳಿದೆ. ನನ್ನ ಬಾಯಲ್ಲಿ ಮಾಸ್ತರರ ದನಿ ಬಂತು, ಅವರದೇ ಏರಿಳಿತ. ನಾವು ನಗುತ್ತಿದ್ದ ಜಾಗದಲ್ಲೇ ಮಕ್ಕಳು ನಕ್ಕರು. ಆ ನಗು ನನ್ನತ್ತ ಬಂದಾಗ ನನ್ನೊಳಗೆ ಏನೋ — ಅದಕ್ಕೆ ಹೆಸರಿಡಲು ಈಗಲೂ ಆಗುತ್ತಿಲ್ಲ. ಆಸೆ ಎಂದರೆ ಸಣ್ಣದಾಗುತ್ತದೆ, ಭಕ್ತಿ ಎಂದರೆ ಮತ್ತೊಂದು ಸುಳ್ಳು. ರೊಕ್ಕ ಕೊಟ್ಟವನು ನಾನು, ಕಥೆ ಹೇಳಬಲ್ಲವನು ನಾನು, ಸೊಲ್ಲಾಪುರದ ಯಾವುದೋ ಗೋಡೆಯ ಮಾಡದಲ್ಲಿ ಇದು ಧೂಳು ತಿನ್ನುವುದೇಕೆ — ಹೀಗೆಲ್ಲ ಅನಿಸಿತು. ಲಚ್ಚಿಯನ್ನು ಶಾಲಿನಲ್ಲಿ ಸುತ್ತಿ ಕೈಚೀಲಕ್ಕೆ ಹಾಕಿದೆ. ಹಿತ್ತಲಿಗೆ ಹೋದೆ.

“ಸಿಗಲಿಲ್ಲರಿ ಕಾಕು. ಹೈದರಾಬಾದಿನ ಸಾಹೇಬ್ರು ಬಿಡಲಿಲ್ಲ.”

ನನಗಾಗಿ ಬಿಟ್ಟುಕೊಟ್ಟ ಮನುಷ್ಯನ ಹೆಸರನ್ನೇ ಮುಂದೆ ಮಾಡಿದೆ.

ಕಾಕು ಸೆರಗನ್ನು ಇನ್ನಷ್ಟು ಮುಂದೆ ಎಳೆದುಕೊಂಡರು. ಆಮೇಲೆ, “ಹೋಗ್ಲಿ ಬಿಡಪ್ಪ. ಅವರ ಮನ್ಯಾಗ ಕೂಸುಗೋಳಿದ್ರ ಆಡ್ಕೋತಾವ” ಎಂದು ಒಳಗೆ ಹೋಗಿಬಿಟ್ಟರು. ಆ ಬಾಗಿಲ ಮುಂದೆ ನಿಲ್ಲಲು ನನ್ನಿಂದ ಆಗಲಿಲ್ಲ. ಅವರನ್ನು ಸ್ಟೇಶನ್ನಿನವರೆಗೆ ಕಳಿಸಲು ಹೋಗಬೇಕಿತ್ತು. ಅದನ್ನೂ ಮಾಡಲಿಲ್ಲ.

ಮುಂದಿನದು ನಿಮಗೆ ಗೊತ್ತಿದೆ. ಸೇಡಮ್ಮಿನ ಶಾಲೆಯಲ್ಲಿ ಶುರುವಾದದ್ದು ಊರೂರಿಗೆ ಹಬ್ಬಿತು. ಸುಲೇಪೇಟದಿಂದ ಬಂಡಿ ಕಳಿಸುತ್ತಿದ್ದರು, ಕುಂಚಾವರಂ ಕಾಡಂಚಿನ ಹಳ್ಳಿಗಳಲ್ಲಿ ತೆಲುಗು ಮನೆಮಾತಿನ ಮಕ್ಕಳೂ ಬಂದು ಕೂರುತ್ತಿದ್ದರು. ನನ್ನನ್ನು ಜನ ಲಚ್ಚಿ ಮಾಸ್ತರ ಎಂದು ಕರೆದರು. ಈ ಆಡು ನಿಮಗೆ ಹೇಗೆ ಬಂತು ಎಂದು ಚಿಂಚೋಳಿಯಲ್ಲಿ ಒಬ್ಬ ಹಿರಿಯರು ಕೇಳಿದಾಗ, ಮಾಸ್ತರರು ಕೊಟ್ಟು ಹೋದರು ಎಂದೆ. ಮುಂದಿನ ಊರಿನಲ್ಲಿ ಅದಕ್ಕೆ ಮಾಸ್ತರರ ಕೊನೆಯ ಮಾತು ಸೇರಿತು. ಅದರ ಮುಂದಿನ ಊರಿನಲ್ಲಿ ಅವರ ಕಣ್ಣೀರೂ ಸೇರಿತು. ಹರಾಜು ಕಂಡಿದ್ದ ಚಿತ್ತಾಪುರದಲ್ಲಿ ಮಾತ್ರ, ಇದು ನಿನಗೇ ಎಂದು ಮಾಸ್ತರರು ಮೊದಲೇ ಹೇಳಿದ್ದರು ಎನ್ನುತ್ತಿದ್ದೆ. ಹೇಳುತ್ತ ಹೇಳುತ್ತ ನನ್ನ ಕಣ್ಣಲ್ಲೂ ನೀರು ಬರುತ್ತಿತ್ತು. ಆ ನೀರೂ ಹುಸಿಯಾಗಿತ್ತೇ — ತಿಳಿಯದು.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಎಲ್ಲರೂ ಮುಟ್ಟಿ ಮುಟ್ಟಿ ಆಡು ಕಪ್ಪಾಗಿತ್ತು, ಒಂದು ಕಿವಿ ಸೀಳಿತ್ತು. ದುರಸ್ತಿಗೆಂದು ಶಹಾಬಾದಿನ ಬಡಗಿಯ ಹತ್ತಿರ ಒಯ್ದೆ. ಅವನು ಕೊಂಬಿನ ಮೇಲೆ ಹೆಬ್ಬೆರಳಾಡಿಸಿ ಕೇಳಿದ: “ಇಲ್ಲಿ ಯಾವದೋ ಕೂಸ ಕಚ್ಚೇದರಿ. ಇರ್ಲೇನ್ರಿ, ತೆಗೀಲೇನ್ರಿ?”

“ತೆಗಿ” ಎಂದೆ.

ಅವನು ಕೊಂಬನ್ನು ನುಣ್ಣಗೆ ಅರದಿಂದ ಉಜ್ಜಿ, ಮೇಲೆ ಬಣ್ಣ ಹಚ್ಚಿದ. ಚಂದ ಕಂಡಿತು. ಮರೆತು ಹೇಳಿದೆನೇ, ಬೇಕೆಂದೇ ಹೇಳಿದೆನೇ ಎಂದು ನನ್ನನ್ನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಮರೆತಿರಲಿಲ್ಲ.

ನಾಡೆಲ್ಲ ಹೊತ್ತಿ ಉರಿದ ಆ ವರ್ಷ, ನಿಜಾಮರ ಸಂಸ್ಥಾನ ಮುಗಿಯುವ ಮುಂಚಿನ ತಿಂಗಳುಗಳಲ್ಲಿ, ನಮ್ಮ ಕಡೆಯ ಎಷ್ಟೋ ಮನೆಗಳವರು ಗಡಿ ದಾಟಿದರು. ನಾನೂ ಒಂದು ಗಂಟು ಕಟ್ಟಿಕೊಂಡು, ಹೆಂಡತಿ ಮಕ್ಕಳೊಂದಿಗೆ ಸೊಲ್ಲಾಪುರ ಸೇರಿದೆ. ಗಂಟಿನಲ್ಲಿ ಲಚ್ಚಿ ಇತ್ತು. ಚಿತ್ತಾಪುರದ ಕಡೆಯಿಂದ ಯಾರು ಬಂದರೂ ಒಬ್ಬ ಮುದುಕಿ ಕರೆದು ಊಟಕ್ಕೆ ಹಾಕುತ್ತಾಳೆ ಎಂದು ಜನ ದಾರಿ ತೋರಿಸಿದರು. ಹೋದೆವು. ಕಾಕು.

ಕಣ್ಣು ಮಂಜಾಗಿತ್ತು, ಆದರೂ ದನಿಯಿಂದಲೇ ಗುರುತು ಹಿಡಿದರು. “ಶರಣಪ್ಪಾ, ಬಾರಪ್ಪಾ, ಕುಂದ್ರು” ಎಂದು ನನ್ನ ಮಕ್ಕಳಿಗೆ ಬಿಸಿ ಬಿಸಿ ಭಕ್ರಿ ಬಡಿದು ಹಾಕಿದರು. ಎಲ್ಲರ ಊಟ ಆದ ಮೇಲೆ ಹತ್ತಿರ ಬಂದು ಕುಳಿತರು.

“ನೀ ಊರೂರ ತಿರಗಾಂವ. ಲಚ್ಚಿ ಎಲ್ಲಿ ಅದ ಅಂತ ಎಂದರ ಸುದ್ದಿ ಹತ್ತಿತೇನು?”

ಗಂಟು ನನ್ನ ತೊಡೆಗೆ ತಾಗಿಕೊಂಡಿತ್ತು. ಬಿಚ್ಚಿದರೆ ಮುಗಿಯಿತು. ಆದರೆ ಬಿಚ್ಚಿದರೆ ಆಕೆಯ ಬೆರಳು ಮೊದಲು ಹೋಗುವುದು ಕೊಂಬಿಗೆ — ಅಲ್ಲಿ ಈಗ ಏನಿದೆ?

“ಇಲ್ಲರಿ ಕಾಕು” ಎಂದೆ.

ಅವರು ನನ್ನ ಕಡೆ ಬಹಳ ಹೊತ್ತು ನೋಡಿದರು. ಅವರಿಗೆ ಗೊತ್ತಿತ್ತೇ, ಇಲ್ಲವೇ — ಆ ಮಂಜು ಕಣ್ಣಿನಿಂದ ಏನೂ ತಿಳಿಯಲಿಲ್ಲ. ನಾವು ಊರಿಗೆ ಮರಳಿದ ಮೇಲೆ, ಸ್ವಲ್ಪ ಕಾಲಕ್ಕೆ ಅವರು ತೀರಿಕೊಂಡ ಸುದ್ದಿ ಬಂತು.

ಹೋದ ಚಳಿಗಾಲದಲ್ಲಿ ಒಬ್ಬ ಎಳೆಯ ಮಾಸ್ತರರು ನನ್ನ ಮನೆಗೆ ಬಂದರು. ನನ್ನ ಜೀವನದ ಮೇಲೆ ಲೇಖನ ಬರೆಯುತ್ತಾರಂತೆ. ನರಹರಿ ಮಾಸ್ತರರು ಲಚ್ಚಿಯನ್ನು ಕೊಟ್ಟ ಪ್ರಸಂಗವನ್ನು ನಿಮ್ಮ ಬಾಯಿಂದಲೇ ಕೇಳಬೇಕು ಎಂದರು. ಶುರು ಮಾಡಿದೆ. ಅರ್ಧಕ್ಕೆ ಬಂದಾಗ ನನ್ನ ದನಿ ನನಗೇ ಬೇರೆ ಯಾರದೋ ದನಿಯಂತೆ ಕೇಳಿತು. ಬರೆಯಬೇಡಿ, ಇದು ನಿಜವಲ್ಲ, ನಾನೇ ಬರೆಯುತ್ತೇನೆ ಎಂದು ಅವರನ್ನು ಕಳಿಸಿದೆ. ಮರುದಿನವೇ ವಾಡಿಗೆ ಹೋಗಿ ಸೊಲ್ಲಾಪುರದ ರೈಲು ಹಿಡಿದೆ.

ಮಾಸ್ತರರ ಮಗಳು ಸುಶೀಲಾ ಈಗ ಅಲ್ಲೇ ಶಾಲೆಯಲ್ಲಿ ಪಾಠ ಹೇಳುತ್ತಾಳೆ. ಲಚ್ಚಿಯನ್ನು ಆಕೆಯ ಮುಂದಿಟ್ಟು, ನಿಂತೇ ಎಲ್ಲವನ್ನೂ ಹೇಳಿದೆ. ಬಡಗಿಯ ಮಾತೂ ಬಿಡಲಿಲ್ಲ. ಆಕೆ ಆಡನ್ನು ಎತ್ತಿ, ಕೊಂಬನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಕೆಳಗಿಟ್ಟಳು.

“ಇದನ್ನ ಇಟ್ಕೊಂಡು ನಾ ಏನ್ ಮಾಡ್ಲಿ? ಅವ್ವ ಕೇಳಿದ್ದು ಇದಲ್ಲ.”

ಮಾಸ್ತರರು ಕೆತ್ತಿದ್ದು ಅಂತಲಾದರೂ ಇಟ್ಟುಕೊಳ್ಳಮ್ಮ ಎಂದೆ.

“ಒಯ್ರಿ. ಕೂಸುಗೋಳಿಗಿ ಕಥಿ ಹೇಳ್ತೀರಲ್ಲ, ಹೇಳ್ರಿ. ಆದ್ರ ಇನ್ನ ಮ್ಯಾಲ ಮೊದಲ ಇದನ್ನ ಹೇಳ್ರಿ. ಅಪ್ಪನ ಹೆಸರ್ಲೆ ಸುಳ್ಳ ಹೇಳಬ್ಯಾಡ್ರಿ.”

ಕ್ಷಮಿಸಿದೆ ಎಂದು ಆಕೆ ಅನ್ನಲಿಲ್ಲ. ನಾನೂ ಕೇಳಲಿಲ್ಲ. ನಾನು ಕ್ಷಮೆ ಕೇಳಬೇಕಾದ ಹೆಣ್ಣುಮಗಳು ಆ ಮನೆಯಲ್ಲಿ ಇನ್ನಿರಲಿಲ್ಲ.

ಊರಿಗೆ ಬಂದ ಮೇಲೆ ಮೊದಲು ಹೋದದ್ದು ಸುಲೇಪೇಟದ ಶಾಲೆಗೆ. ಮಕ್ಕಳು, ಆ ಶಾಲೆಯ ಮಾಸ್ತರರು, ಹಳೆಯ ಪರಿಚಯದ ನಾಲ್ಕು ಜನ ಹಿರಿಯರು ಕುಳಿತಿದ್ದರು. ರೈಲಿನ ಕಥೆಗೆ ಮೊದಲು ಹರಾಜಿನ ಕಥೆ ಹೇಳಿದೆ, ಮೇಲೆ ಬರೆದಷ್ಟನ್ನೂ. ಹಿರಿಯರೊಬ್ಬರು ಎದ್ದು ಹೋದರು. ಅವರು ಒಮ್ಮೆ ನನಗೆ ಶಾಲು ಹೊದಿಸಿದ್ದವರು. ಅವರನ್ನು ಕರೆಯಲಿಲ್ಲ, ಮಾತನ್ನೂ ನಿಲ್ಲಿಸಲಿಲ್ಲ.

ಮುಗಿದ ಮೇಲೆ ಮುಂದಿನ ಸಾಲಿನ ಒಂದು ಹುಡುಗಿ ಕೇಳಿದಳು: “ಆಡ ಸಿಗಲಿಲ್ಲ ಅಂದ ಮ್ಯಾಲ ಆ ಅವ್ವ ಅತ್ತಳೇನ್ರಿ?”

“ನನಗ ಗೊತ್ತಿಲ್ಲವ್ವ” ಎಂದೆ. “ನೋಡಲಿಕ್ಕ ನಾ ಅಲ್ಲಿ ನಿಲ್ಲಲಿಲ್ಲ.”

ಬರುವ ವಾರ ಚಿಂಚೋಳಿ, ಅದಾದ ಮೇಲೆ ಚಿತ್ತಾಪುರ. ಕಾಲು ನಡೆಯುವವರೆಗೆ, ಸುಳ್ಳು ಹೇಳಿದ ಒಂದೊಂದು ಊರಿಗೂ ಹೋಗುತ್ತೇನೆ.